ಕಾಸರಗೋಡಿನಲ್ಲಿ ನಾಯಿ ಸಾಕುವವರಿಗೆ: ಸೂಜಿ, ಲೈಸೆನ್ಸ್, ಹಗ್ಗ, ಇದರಲ್ಲಿ ಯಾವುದು ಮೊದಲು?

ನಾಯಿಗೂ ಪಂಚಾಯತಿನಿಂದ ಲೈಸೆನ್ಸ್ ಬೇಕಾ, ಬೇಕಾದ್ರೆ ಎಲ್ಲಿ ಸಿಗ್ತದೆ, ಪಕ್ಕದ ಮನೆಯವ್ರ ನಾಯಿ ದಾರಿಯಲ್ಲಿ ಬೆನ್ನಟ್ಟಿದ್ರೆ ಯಾರಿಗೆ ಹೇಳೋದು, ಕಚ್ಚಿದ್ರೆ ಖರ್ಚು ಯಾರು ಕೊಡೋದು ಅಂತ ಮಂಜೇಶ್ವರದಿಂದ ಮುಳಿಯಾರಿನ ತನಕ ಎಲ್ಲ ಕಡೆಯವ್ರೂ ಕೇಳ್ತಾ ಇದ್ದೀರಿ. ಒಬ್ಬೊಬ್ರಿಗೆ ಬೇರೆ ಬೇರೆ ಉತ್ತರ ಬರೆಯೋದಕ್ಕಿಂತ ಎಲ್ಲ ಒಂದೇ ಕಡೆ ಬರೆದು ಹಾಕ್ತಿದ್ದೇನೆ, ಸ್ವಲ್ಪ ಉದ್ದ ಆದೀತು, ನಿಮಗೆ ಬೇಕಾದ ನಂಬ್ರ ನೋಡಿ ಓದ್ಕೊಳ್ಳಿ.

ಮೊದಲ ಪ್ರಶ್ನೆಗೆ ಉತ್ತರ ಸಣ್ಣದು. ಬೇಕು. ಇದೇನು ನಿನ್ನೆ ಮೊನ್ನೆ ಬಂದ ಕಾನೂನು ಅಲ್ಲ, ಕೇರಳ ಪಂಚಾಯತ್ ರಾಜ್ ಕಾಯ್ದೆಯ ಕೆಳಗೆ ಹಂದಿ ಮತ್ತು ನಾಯಿಗಳ ಲೈಸೆನ್ಸಿಗೆ ಅಂತಲೇ 1998ರಲ್ಲಿ ನಿಯಮ ಬಂದಿದೆ. ಆಗ ಯಾರೂ ಕೇಳ್ತಿರ್ಲಿಲ್ಲ, ನಾವೂ ಹೋಗ್ತಿರ್ಲಿಲ್ಲ, ಅಷ್ಟೇ. 2021ರಲ್ಲಿ ತಿರುವನಂತಪುರದ ಅಡಿಮಲತ್ತುರ ಕಡಪ್ಪುರದಲ್ಲಿ ಬ್ರೂನೋ ಅನ್ನುವ ಸಾಕುನಾಯಿಯನ್ನು ಹೊಡೆದು ಕೊಂದ ಮೇಲೆ ಕೇರಳ ಹೈಕೋರ್ಟ್ ತಾನಾಗಿಯೇ ಕೇಸು ತೆಗೊಂಡು, ಸಾಕುಪ್ರಾಣಿ ಇರುವವ್ರೆಲ್ಲ ಪಂಚಾಯತ್ ಅಥವಾ ನಗರಸಭೆಯಲ್ಲಿ ನೋಂದಣಿ ಮಾಡಿಸ್ಬೇಕು ಅಂತ ಆದೇಶ ಕೊಟ್ಟಿತು. ಆ ಮೇಲೆ ಆಫೀಸಿನವ್ರು ಬಿಗಿ ಮಾಡಿದ್ದು.

ಒಂದು ಮಾತು ಮೊದಲೇ ಹೇಳಿಬಿಡ್ತೇನೆ. ನಮ್ಮ ಕಡೆ ದೊಡ್ಡ ತಾಪತ್ರಯ ಲೈಸೆನ್ಸ್ ಇಲ್ಲದ್ದಲ್ಲ, ನಾಯಿಯನ್ನು ಅರ್ಧ ಸಾಕೋದು. ಹಗಲು ಅಂಗಳದಲ್ಲಿ ಅನ್ನ ಹಾಕ್ತೇವೆ, ರಾತ್ರಿ ಹಂದಿ ಬಾರದ ಹಾಗೆ ತೋಟಕ್ಕೆ ಬಿಡ್ತೇವೆ, ಅದು ತೋಟ ದಾಟಿ ರೋಡಿಗೆ ಹೋಗಿ ಹಾಲು ಸೊಸೈಟಿಗೆ ಹೋಗುವವನ ಬೈಕಿನ ಹಿಂದೆ ಓಡಿದ್ರೆ "ಅದು ನಮ್ಮದಲ್ಲ, ಸುಮ್ನೆ ಬಂದು ಮಲಗ್ತದೆ" ಅಂತೇವೆ. ಈ ಮಾತು ಇನ್ನು ನಡೆಯೋದಿಲ್ಲ. ಕೆಳಗೆ ಬರೆದದ್ದೆಲ್ಲ ಹೆಚ್ಚಾಗಿ ಇದಕ್ಕೇ ಸಂಬಂಧಪಟ್ಟದ್ದು.

1. ನಾಯಿ ಯಾರದ್ದು ಅಂತ ಮನೆಯಲ್ಲಿ ತೀರ್ಮಾನ ಮಾಡಿ

ನಗು ಬರಬಹುದು, ಆದ್ರೆ ಅರ್ಜಿಯಲ್ಲಿ ಮೊದಲು ಕೇಳೋದೇ ಇದು. ಕೂಡುಕುಟುಂಬ, ಮೂರು ಮನೆಗೆ ಒಂದೇ ಅಂಗಳ, ನಾಯಿ ಮೂರೂ ಕಡೆ ತಿರುಗ್ತದೆ. ಯಾರಾದ್ರೂ ಒಬ್ರ ಹೆಸರಲ್ಲಿ ಆಗ್ಬೇಕು, ಮತ್ತೆ ಅವ್ರು ಊರಲ್ಲೇ ಇರುವವ್ರಾಗಿರ್ಬೇಕು. ಗಲ್ಫಿನಲ್ಲಿ ಇರುವ ಮಗನ ಹೆಸರಲ್ಲಿ ಮಾಡಿಸಿದ್ರೆ ನಾಳೆ ನೋಟೀಸು ಬಂದಾಗ ಕೈಗೆ ತೆಗೊಳ್ಳುವವ್ರು ಇಲ್ಲ.

ಕಾನೂನು ನೋಡೋದು "ವಶದಲ್ಲಿರುವ ಪ್ರಾಣಿ" ಅನ್ನುವ ಲೆಕ್ಕದಲ್ಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ನಿಮ್ಮ ವಶದಲ್ಲಿರುವ ಪ್ರಾಣಿಯಿಂದ ಇನ್ನೊಬ್ರ ಜೀವಕ್ಕೆ ಅಪಾಯ ಅಥವಾ ದೊಡ್ಡ ಗಾಯ ಆಗದ ಹಾಗೆ ಬೇಕಾದ ಜಾಗ್ರತೆ ಮಾಡದಿದ್ರೆ ಆರು ತಿಂಗಳ ತನಕ ಜೈಲು, ಅಥವಾ 5,000 ರೂಪಾಯಿ ತನಕ ದಂಡ, ಅಥವಾ ಎರಡೂ. ಹಳೆ ಐಪಿಸಿಯಲ್ಲಿ ಇದು 289 ಆಗಿತ್ತು. ಇಲ್ಲಿ ಲೈಸೆನ್ಸ್ ಉಂಟಾ ಇಲ್ಲವಾ ಅನ್ನೋದು ಬರೋದೇ ಇಲ್ಲ, ದಿನಾ ಊಟ ಹಾಕಿ, ಕುತ್ತಿಗೆಗೆ ಬೆಲ್ಟ್ ಕಟ್ಟಿ, ಹೆಸರಿಟ್ಟು ಕರೆದು, ಆಮೇಲೆ ನಮ್ಮದಲ್ಲ ಅಂದ್ರೆ ಅದನ್ನು ನಂಬುವವ್ರು ಯಾರು ಮಾರಾಯ್ರೆ.

2. ಪಂಚಾಯತಿಗಿಂತ ಮೊದಲು ಪಶು ಆಸ್ಪತ್ರೆ

ಹೆಚ್ಚಿನವ್ರು ತಪ್ಪೋದು ಇಲ್ಲೇ. ನೇರ ಅಕ್ಷಯ ಕೇಂದ್ರಕ್ಕೆ, ಅಂದ್ರೆ ಸರ್ಕಾರದ ಆನ್‌ಲೈನ್ ಅರ್ಜಿ ಹಾಕಿಕೊಡುವ ಸೆಂಟರಿಗೆ, ಹೋಗಿ ಕ್ಯೂ ನಿಂತು, ರೇಬಿಸ್ ಲಸಿಕೆಯ ಸರ್ಟಿಫಿಕೇಟ್ ಎಲ್ಲಿ ಅಂತ ಕೇಳಿದಾಗ ವಾಪಸ್ ಬರ್ತಾರೆ. ಸೂಜಿ ಇಲ್ಲದೆ ಲೈಸೆನ್ಸ್ ಇಲ್ಲ. ರೇಬಿಸ್ ಅಂದ್ರೆ ಹುಚ್ಚುನಾಯಿ ರೋಗ, ಒಮ್ಮೆ ಲಕ್ಷಣ ಕಾಣಿಸ್ಕೊಂಡ್ರೆ ಮನುಷ್ಯನಾಗ್ಲಿ ನಾಯಿಯಾಗ್ಲಿ ಉಳಿಯೋದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ, ಹಾಗಾಗಿ ಈ ಒಂದು ವಿಷಯದಲ್ಲಿ ಆಫೀಸಿನವ್ರ ಹಟ ಸರಿಯೇ.

ಲೆಕ್ಕ ಹೀಗೆ. ಮರಿಗೆ ಮೂರು ತಿಂಗಳಾದಾಗ ರೇಬಿಸಿನ ಮೊದಲ ಸೂಜಿ, ಸಾಮಾನ್ಯವಾಗಿ ಒಂದು ತಿಂಗಳು ಬಿಟ್ಟು ಬೂಸ್ಟರ್, ಬೂಸ್ಟರ್ ಅಂದ್ರೆ ಮೊದಲಿನದ್ದಕ್ಕೆ ಬಲ ಕೊಡುವ ಎರಡನೇ ಸೂಜಿ, ಆಮೇಲೆ ವರ್ಷಕ್ಕೊಮ್ಮೆ. ಸೂಜಿ ಹಾಕಿದ ದಿವ್ಸವೇ ರಕ್ಷಣೆ ಬರೋದಿಲ್ಲ, ಎರಡು ಮೂರು ವಾರ ಬೇಕು, ಅಷ್ಟು ದಿವ್ಸ ಮರಿಯನ್ನು ಹೊರಗೆ ಬಿಡಬೇಡಿ. ಪಾರ್ವೋ, ಡಿಸ್ಟೆಂಪರ್ ಅಂತ ಮರಿಗಳಿಗೆ ಬರುವ ರೋಗಗಳ ಲಸಿಕೆ ಬೇರೆ, ಅದು ಒಂದೂವರೆ ಎರಡು ತಿಂಗಳಿಂದಲೇ ಸುರು ಆಗ್ತದೆ. ಲೈಸೆನ್ಸಿಗೆ ಅದನ್ನು ಕೇಳೋದಿಲ್ಲ, ಆದ್ರೆ ಮರಿ ಉಳಿಯಬೇಕಾದ್ರೆ ಹಾಕಿಸಲೇಬೇಕು. ಹುಳದ ಮದ್ದೂ ಹಾಗೆ.

ಪ್ರತಿ ಪಂಚಾಯತಿನಲ್ಲೂ ಸರ್ಕಾರಿ ಪಶು ಆಸ್ಪತ್ರೆ ಅಥವಾ ಡಿಸ್ಪೆನ್ಸರಿ ಉಂಟು. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಡಾಕ್ಟ್ರು ದನ ನೋಡ್ಲಿಕ್ಕೆ ಮನೆ ಮನೆಗೆ ಹೋಗಿರ್ತಾರೆ. ಹೋಗುವ ಮೊದಲು ಒಂದು ಫೋನ್ ಮಾಡಿ ಸೂಜಿ ಸ್ಟಾಕ್ ಉಂಟಾ ಕೇಳಿ, ಪಂಚಾಯತಿನಿಂದ ವಾರ್ಡ್ ವಾರ್ಡಿಗೆ ಕ್ಯಾಂಪ್ ಇಡುವ ಸಮಯ ಆದ್ರೆ ವಾರ್ಡ್ ಮೆಂಬರ ಹತ್ರ ಕೇಳಿದ್ರೂ ಗೊತ್ತಾಗ್ತದೆ, ಆಗ ರಿಕ್ಷಾ ಬಾಡಿಗೆ ಉಳೀತದೆ.

ಇಲ್ಲಿ ಎಡವುವ ಜಾಗಗಳು ಸುಮಾರುಂಟು. ಮೆಡಿಕಲಿನಿಂದ ಬಾಟ್ಲಿ ತಂದು ಮನೆಯಲ್ಲೇ ಚುಚ್ಚುವವ್ರಿದ್ದಾರೆ, ಅದಕ್ಕೆ ಸರ್ಟಿಫಿಕೇಟ್ ಇಲ್ಲ, ಐಸ್ ಇಲ್ಲದೆ ತಂದ್ರೆ ಆ ಲಸಿಕೆಗೆ ಬಲವೂ ಇಲ್ಲ. ಮಂಗಳೂರಿನ ಪ್ರೈವೇಟ್ ಕ್ಲಿನಿಕ್ಕಿನಲ್ಲಿ ಹಾಕಿಸಿದವ್ರು ಪುಸ್ತಕದಲ್ಲಿ ಡಾಕ್ಟ್ರ ಸಹಿ, ಸೀಲು, ಅವ್ರ ರಿಜಿಸ್ಟ್ರೇಶನ್ ನಂಬ್ರ, ಲಸಿಕೆಯ ಬ್ಯಾಚ್ ನಂಬ್ರದ ಸ್ಟಿಕ್ಕರ್ ಇಷ್ಟು ಉಂಟಾ ನೋಡ್ಕೊಳ್ಳಿ, ಪಶುವೈದ್ಯಕೀಯ ಕೌನ್ಸಿಲಿನಲ್ಲಿ ನೋಂದಣಿ ಆದ ಡಾಕ್ಟ್ರು ಕೊಟ್ಟದ್ದು ಮಾತ್ರ ಲೆಕ್ಕಕ್ಕೆ. ಬರೀ ಸ್ಟಿಕ್ಕರ್ ಅಂಟಿಸಿ ಸಹಿ ಇಲ್ಲದ ಪುಸ್ತಕ ತಂದ್ರೆ ಅದನ್ನು ತಿರುಗಿಸಿ ಕೊಡ್ತಾರೆ. ಮತ್ತೆ ನಾಯಿಯ ಬಣ್ಣ, ಗಂಡೋ ಹೆಣ್ಣೋ, ಪ್ರಾಯ, ಹೆಸರು ಇದೆಲ್ಲ ಸರ್ಟಿಫಿಕೇಟಿನಲ್ಲಿ ಬರೆಸಿ, "ಲೋಕಲ್ ಡಾಗ್" ಅಂತ ಒಂದೇ ಸಾಲು ಬರೆದ ಕಾಗದದಿಂದ ನಿಮ್ಮ ಮನೆಯ ಎರಡು ಕೆಂಪು ನಾಯಿಗಳಲ್ಲಿ ಯಾವುದಕ್ಕೆ ಸೂಜಿ ಆಯ್ತು ಅಂತ ನಿಮಗೇ ಗೊತ್ತಾಗ್ಲಿಕ್ಕಿಲ್ಲ.

3. ಕಾಗದ ಒಟ್ಟು ಮಾಡಿ

ಇದು ಸುಲಭ. ಆಧಾರ್, ಮನೆ ನಂಬ್ರ ಇರುವ ಬಿಲ್ಡಿಂಗ್ ಟ್ಯಾಕ್ಸಿನ ರಶೀದಿ, ಲಸಿಕೆ ಸರ್ಟಿಫಿಕೇಟ್, ನಾಯಿಯ ಒಂದು ಫೋಟೋ. ಬಾಡಿಗೆ ಮನೆಯವ್ರು ಮನೆಯ ಯಜಮಾನ್ರ ಹತ್ರ ಟ್ಯಾಕ್ಸ್ ರಶೀದಿಯ ಕಾಪಿ ಮೊದಲೇ ಕೇಳಿಟ್ಕೊಳ್ಳಿ. ಫೋಟೋ ಹಗಲು ಬೆಳಕಿನಲ್ಲಿ ಪೂರ್ತಿ ಮೈ ಕಾಣುವ ಹಾಗೆ, ಬದಿಯಿಂದ.

ಆಧಾರಿಗೆ ಲಿಂಕ್ ಆದ ಮೊಬೈಲ್ ಯಾರ ಕೈಯಲ್ಲಿ ಉಂಟು ಅಂತ ನೋಡ್ಕೊಳ್ಳಿ. ಓಟಿಪಿ ಅದಕ್ಕೇ ಬರೋದು. ಅಪ್ಪನ ಆಧಾರಿಗೆ ದುಬೈಯಲ್ಲಿರುವ ಮಗನ ನಂಬ್ರ ಕೊಟ್ಟಿರುವ ಮನೆಗಳು ನಮ್ಮಲ್ಲಿ ಕಮ್ಮಿ ಏನಲ್ಲ. ಮತ್ತೊಂದು, ಪುತ್ತೂರು ವಿಟ್ಲ ಕಡೆಯಿಂದ ಮದುವೆಯಾಗಿ ಬಂದವ್ರ ಆಧಾರಿನಲ್ಲಿ ಇನ್ನೂ ಕರ್ನಾಟಕದ ವಿಳಾಸ ಇರ್ತದೆ, ಅಂಥ ಮನೆಯಲ್ಲಿ ಈ ಕಡೆಯ ವಿಳಾಸ ಇರುವವ್ರ ಹೆಸರಲ್ಲೇ ಅರ್ಜಿ ಹಾಕೋದು ಒಳ್ಳೇದು. ನಾಯಿ ಎಲ್ಲಿ ಇರ್ತದೋ ಆ ಪಂಚಾಯತಿಗೇ ಲೈಸೆನ್ಸ್ ಕೇಳ್ಬೇಕು, ತೋಟ ಗಡಿಯ ಆಚೆ ಈಚೆ ಇದ್ರೂ ನಾಯಿಯ ಗೂಡು ಯಾವ ಕಡೆ ಅನ್ನೋದು ಮುಖ್ಯ.

4. ಅರ್ಜಿ ಹಾಕೋದು

ಈಗ ಎಲ್ಲ ಕೆ-ಸ್ಮಾರ್ಟ್ ಅನ್ನುವ ಪೋರ್ಟಲಿನಲ್ಲಿ. ನಗರಸಭೆಗಳಿಗೆ ಇದು 2024ರ ಜನವರಿಯಲ್ಲಿ ಬಂತು, ಗ್ರಾಮ ಪಂಚಾಯತುಗಳಿಗೆ 2025ರ ಏಪ್ರಿಲಿನಲ್ಲಿ. ಅದಕ್ಕೂ ಮೊದಲು ಐಎಲ್‌ಜಿಎಂಎಸ್ ಅಂತ ಬೇರೆ ಇತ್ತು, ಅದರಲ್ಲಿ ಮಾಡಿದ ಹಳೆ ಲಾಗಿನ್ ಹಿಡ್ಕೊಂಡು ಕೂತ್ರೆ ಉಪಯೋಗ ಇಲ್ಲ. ಮೊಬೈಲ್ ನಂಬ್ರ ಹಾಕಿ, ಓಟಿಪಿ ಕೊಟ್ಟು, ಆಧಾರಿನಲ್ಲಿ ನಿಮ್ಮ ಗುರುತು ಖಚಿತ ಮಾಡಿ, ಆಮೇಲೆ ಸಾಕುಪ್ರಾಣಿ ಲೈಸೆನ್ಸ್ ಅನ್ನುವ ಸೇವೆ ಹುಡುಕಿ ಒಳಗೆ ಹೋಗಿ. ನಿಮ್ಮ ಜಿಲ್ಲೆ, ಪಂಚಾಯತ್, ವಾರ್ಡ್, ಮನೆ ನಂಬ್ರ ಕೇಳ್ತದೆ. ವಾರ್ಡ್ ವಿಂಗಡಣೆ ಹೊಸತಾಗಿ ಆದ ಕಾರಣ ಹಳೆ ರಶೀದಿಯಲ್ಲಿರುವ ವಾರ್ಡ್ ನಂಬ್ರ ಈಗ ಬದಲಾಗಿರಬಹುದು, ಇದೊಂದು ನೋಡದೆ ಹಾಕಿದ್ರೆ ಅರ್ಜಿ ತಿರುಗಿ ಬರ್ತದೆ. ನಾಯಿಯ ವಿವರ ಸರ್ಟಿಫಿಕೇಟಿನಲ್ಲಿ ಇದ್ದ ಹಾಗೆಯೇ ತುಂಬಿಸಿ, ಅಲ್ಲಿ ಕಂದು, ಇಲ್ಲಿ ಕೆಂಪು ಅಂತ ಬೇಡ. ಫೀಸು ಸಣ್ಣದು, ಎಷ್ಟು ಅಂತ ಅದೇ ಸ್ಕ್ರೀನಿನಲ್ಲಿ ಬರ್ತದೆ, ಆನ್‌ಲೈನಿನಲ್ಲೇ ಕಟ್ಟಿ ರಶೀದಿ ಸೇವ್ ಮಾಡಿ.

ಫೋನಿನಲ್ಲಿ ಇಷ್ಟೆಲ್ಲ ಆಗದವ್ರು ಅಕ್ಷಯ ಕೇಂದ್ರಕ್ಕೆ ಹೋಗಿ, ಅವ್ರು ಸರ್ವಿಸ್ ಚಾರ್ಜ್ ತೆಗೊಳ್ತಾರೆ. ಆದ್ರೆ ಅರ್ಜಿಯಲ್ಲಿ ಅವ್ರ ಮೊಬೈಲ್ ನಂಬ್ರ ಹಾಕ್ಲಿಕ್ಕೆ ಬಿಡಬೇಡಿ. ಮುಂದಿನ ಮೆಸೇಜೆಲ್ಲ ಅಲ್ಲಿಗೆ ಹೋಗಿ ನಿಮಗೆ ಏನೂ ಗೊತ್ತಾಗೋದಿಲ್ಲ.

ಮಲಯಾಳ ಓದ್ಲಿಕ್ಕೆ ಬಾರದವ್ರು ಹೆದರಬೇಡಿ. ಪಂಚಾಯತಿಗೆ ಕೊಡುವ ದೂರು, ಮನವಿ, ಪತ್ರ ಎಲ್ಲ ಕನ್ನಡದಲ್ಲಿ ಕೊಡುವ ಹಕ್ಕು ನಮಗೆ ಉಂಟು, 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಅದನ್ನು ಕೊಟ್ಟಿದ್ದಾರೆ. ಕೌಂಟರಿನಲ್ಲಿ ಯಾರಾದ್ರೂ "ಮಲಯಾಳದಲ್ಲಿ ಬರ್ಕೊಂಡು ಬನ್ನಿ" ಅಂದ್ರೆ ಜಗಳ ಮಾಡಬೇಡಿ, ಕನ್ನಡದ್ದೇ ಕೊಟ್ಟು ಸೀಲು ಹಾಕಿದ ರಶೀದಿ ಕೇಳಿ, ಸಾಕು. ರಶೀದಿ ಕೊಡಲೇಬೇಕು, 2012ರ ಕೇರಳ ಸೇವಾ ಹಕ್ಕು ಕಾಯ್ದೆಯಲ್ಲಿ ನಿಗದಿ ಮಾಡಿದ ಸೇವೆಗಳಿಗೆ ಇಂತಿಷ್ಟು ದಿವ್ಸ ಅಂತ ಉಂಟು, ದಿವ್ಸ ಮೀರಿದ್ರೆ ಮೇಲಿನ ಅಧಿಕಾರಿಗೆ ಅಪೀಲು ಹೋಗ್ಲಿಕ್ಕೆ ಆ ರಶೀದಿಯೇ ಆಧಾರ.

ಲೈಸೆನ್ಸ್ ಸಿಕ್ಕಿದ ಮೇಲೆ ಪ್ರಿಂಟ್ ತೆಗೆದು ಲಸಿಕೆ ಪುಸ್ತಕದ ಒಳಗೆ ಇಡಿ. ಅದರಲ್ಲಿ ಅವಧಿ ಬರೆದಿರ್ತದೆ, ಒಮ್ಮೆ ಮಾಡಿಸಿದ್ರೆ ನಾಯಿಯ ಜೀವಮಾನಕ್ಕೆ ಆಯ್ತು ಅಂತ ಅಲ್ಲ, ಅವಧಿ ಮುಗಿಯುವ ಮೊದಲು ಆ ವರ್ಷದ ಸೂಜಿ ಹಾಕಿಸಿ ಪುನಃ ಅರ್ಜಿ. ಸೂಜಿಯ ತಾರೀಕು ಮತ್ತು ಲೈಸೆನ್ಸಿನ ತಾರೀಕು ದೂರ ದೂರ ಇದ್ರೆ ಒಂದು ವರ್ಷ ಸೂಜಿಯನ್ನು ಸ್ವಲ್ಪ ಮುಂಚೆ ಹಾಕಿಸಿ ಎರಡನ್ನೂ ಹತ್ರ ತಂದುಬಿಡಿ, ನೆನಪಿಟ್ಕೊಳ್ಳೋದು ಸುಲಭ ಆಗ್ತದೆ.

5. ಕಟ್ಟೋದು ಹೇಗೆ, ಬಿಡೋದು ಯಾವಾಗ

ಲೈಸೆನ್ಸ್ ಸಿಕ್ಕಿತು ಅಂದ್ರೆ ರೋಡಿಗೆ ಬಿಡ್ಲಿಕ್ಕೆ ಪರ್ಮಿಶನ್ ಸಿಕ್ಕಿತು ಅಂತ ಅಲ್ಲ. ನಾಯಿ ನಿಮ್ಮ ಕಂಪೌಂಡಿನ ಒಳಗೆ ಇರ್ಬೇಕು, ಹೊರಗೆ ಹೋಗೋದಾದ್ರೆ ಹಗ್ಗದಲ್ಲಿ, ಹಗ್ಗ ಹಿಡಿದವ್ರು ಆ ನಾಯಿ ಎಳೆದ್ರೆ ತಡೆಯುವ ಬಲ ಇರುವವ್ರು. ಎಂಟು ವರ್ಷದ ಹುಡುಗನ ಕೈಗೆ ದೊಡ್ಡ ಜಾತಿಯ ನಾಯಿ ಕೊಟ್ಟು ಅಂಗಡಿಗೆ ಕಳಿಸಬೇಡಿ.

ನಮ್ಮ ಮನೆಗಳಿಗೆ ಕಂಪೌಂಡೇ ಇಲ್ಲ, ಅಂಗಳ ಮುಗಿದಲ್ಲಿ ತೋಟ, ತೋಟ ಮುಗಿದಲ್ಲಿ ಇನ್ನೊಬ್ರ ತೋಟ, ಹಾಗಾದ್ರೆ ಏನು ಮಾಡೋದು ಅಂತ ಕೇಳ್ತೀರಿ. ಸರಿಯಾದ ಪ್ರಶ್ನೆ. ಒಂದು ಉಪಾಯ ಎರಡು ಅಡಿಕೆ ಮರದ ನಡುವೆ ದಪ್ಪ ಸರಿಗೆ ಎಳೆದು ಅದಕ್ಕೆ ರಿಂಗ್ ಹಾಕಿ ರಿಂಗಿಗೆ ಚೈನ್ ಕಟ್ಟೋದು, ನಾಯಿ ಆ ಉದ್ದಕ್ಕೆ ಓಡಾಡ್ತದೆ, ಹಂದಿಯ ವಾಸನೆ ಬಂದ್ರೆ ಬೊಗಳ್ತದೆ, ಆದ್ರೆ ರೋಡಿಗೆ ಹೋಗೋದಿಲ್ಲ. ಚೈನು ಮರಕ್ಕೆ ಸುತ್ತಿಕೊಳ್ಳದ ಹಾಗೆ ಎರಡೂ ಕೊನೆಯಲ್ಲಿ ಸರಿಗೆಗೆ ಒಂದು ತಡೆ ಹಾಕಿ, ನೆರಳು ನೀರು ಎರಡೂ ಸಿಗುವ ಕಡೆ ಮಾಡಿ. ಕಾರಡ್ಕ, ಮುಳಿಯಾರು, ದೇಲಂಪಾಡಿ ಕಡೆ ಚಿರತೆ ಬರುವ ಜಾಗದವ್ರು ರಾತ್ರಿ ಹೀಗೆ ಕಟ್ಟಿ ಬಿಡಬೇಡಿ, ಕಟ್ಟಿದ ನಾಯಿ ಓಡ್ಲಿಕ್ಕೂ ಆಗೋದಿಲ್ಲ. ಅಲ್ಲಿ ಬಾಗಿಲು ಇರುವ ಗಟ್ಟಿ ಗೂಡೇ ಬೇಕು.

ಹಾಗಂತ ದಿನವಿಡೀ ಎರಡಡಿ ಚೈನಿನಲ್ಲಿ ಕಟ್ಟಿ ಹಾಕೋದೂ ತಪ್ಪು, ಬರೀ ಪಾಪದ ಮಾತಲ್ಲ, ಕಾನೂನಿನ ಮಾತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನಿನಲ್ಲಿ ಅತಿ ಗಿಡ್ಡ ಅಥವಾ ಅತಿ ಭಾರದ ಚೈನಿನಲ್ಲಿ ವಿಪರೀತ ಹೊತ್ತು ಕಟ್ಟೋದು, ಯಾವಾಗ್ಲೂ ಕಟ್ಟಿರುವ ನಾಯಿಯನ್ನು ನಡೆದಾಡಿಸದೆ ಇರೋದು, ಎರಡೂ ಹಿಂಸೆಯ ಪಟ್ಟಿಯಲ್ಲಿ ಉಂಟು. ಕಾಯ್ದೆ ಹಳೆಯದಾದ ಕಾರಣ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ, ಕೇಳಿದ್ರೆ ನಗು ಬರ್ತದೆ. ಆದ್ರೆ ಕಟ್ಟಿಯೇ ಬೆಳೆಸಿದ ನಾಯಿ ಒಮ್ಮೆ ತಪ್ಪಿಸ್ಕೊಂಡ್ರೆ ಸಿಕ್ಕಿದವ್ರಿಗೆಲ್ಲ ಬಾಯಿ ಹಾಕ್ತದೆ, ಅಸಲು ನಷ್ಟ ಅದು. ಬೆಳಿಗ್ಗೆ ಸಂಜೆ ಅರ್ಧ ಅರ್ಧ ಗಂಟೆ ಹಗ್ಗದಲ್ಲಿ ನಡೆಸಿದ್ರೆ ಬೊಗಳೋದೂ ಕಮ್ಮಿ ಆಗ್ತದೆ, ಪಕ್ಕದ ಮನೆಯವ್ರ ಮೋರೆಯೂ ಸ್ವಲ್ಪ ಸಡಿಲ ಆಗ್ತದೆ.

ಕುತ್ತಿಗೆಯ ಬೆಲ್ಟಿಗೆ ಫೋನ್ ನಂಬ್ರ ಕೆತ್ತಿದ ಒಂದು ಬಿಲ್ಲೆ ಹಾಕಿ. ವಿಷು, ದೀಪಾವಳಿ, ಕುಂಬಳೆ ಬೆಡಿ, ಊರಿನ ಜಾತ್ರೆ ಇಂಥ ದಿವ್ಸ ಪಟಾಕಿಯ ಶಬ್ದಕ್ಕೆ ಹೆದರಿ ಓಡುವ ನಾಯಿಗಳು ಮೈಲುಗಟ್ಟಲೆ ಹೋಗ್ತವೆ, ಆ ಸಂಜೆಗಳಲ್ಲಿ ಮನೆಯ ಒಳಗೆ ಕೋಣೆಯಲ್ಲಿ ಹಾಕಿ. ಮೈಕ್ರೋಚಿಪ್ ಅಂತಲೂ ಉಂಟು, ಅಕ್ಕಿಕಾಳಿನಷ್ಟು ಚಿಪ್ಪನ್ನು ಚರ್ಮದ ಅಡಿಗೆ ಸೂಜಿಯಲ್ಲಿ ಹಾಕ್ತಾರೆ, ಯಂತ್ರ ಹಿಡಿದ್ರೆ ನಂಬ್ರ ಬರ್ತದೆ. ದುಬಾರಿ ನಾಯಿ ಸಾಕುವವ್ರು ಹಾಕಿಸಿ.

ಪಿಟ್‌ಬುಲ್, ರಾಟ್‌ವೈಲರ್ ಸಾಕಬಹುದಾ ಅಂತ ಸುಮಾರು ಜನ ಕೇಳಿದ್ರಿ. ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ 23 ಜಾತಿಗಳನ್ನು ತಡೆಯುವ ಸುತ್ತೋಲೆ ಹೊರಡಿಸಿತ್ತು, ಏಪ್ರಿಲ್ 10ಕ್ಕೆ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ನನ್ನ ಅಭಿಪ್ರಾಯ ಕೇಳಿದ್ರೆ ಕಂಪೌಂಡಿಲ್ಲದ ಮನೆಗೆ, ಮಕ್ಕಳು ಓಡಾಡುವ ಅಂಗಳಕ್ಕೆ, ಅಂಥ ನಾಯಿ ಬೇಡವೇ ಬೇಡ. ಊರ ನಾಯಿಗೆ ನಮ್ಮ ಮಳೆ, ಸೆಕೆ, ಉಣ್ಣಿ ಎಲ್ಲ ಅಭ್ಯಾಸ ಉಂಟು.

6. ಕಚ್ಚಿದ್ರೆ ಆ ಹೊತ್ತಿಗೆ ಏನು ಮಾಡ್ಬೇಕು

ನಿಮ್ಮ ನಾಯಿ ಕಚ್ಚಿದ್ರೂ ಬೇರೆಯವ್ರದ್ದು ಕಚ್ಚಿದ್ರೂ ಮೊದಲ ಕೆಲಸ ಒಂದೇ, ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೀಬೇಕು. ಗಡಿಯಾರ ನೋಡಿ 15 ನಿಮಿಷ, ಸುಮ್ನೆ ಎರಡು ಚೆಂಬು ನೀರು ಹೊಯ್ದದ್ದು ಸಾಕಾಗೋದಿಲ್ಲ. ಅರಿಶಿನ, ಸುಣ್ಣ, ಮೆಣಸಿನ ಹುಡಿ, ಕಾಫಿ ಹುಡಿ ಏನೂ ಮೆತ್ತಬೇಡಿ, ಬಿಗಿಯಾಗಿ ಕಟ್ಟಬೇಡಿ. ಸೊಪ್ಪಿನ ಮದ್ದು ಕೊಡುವವ್ರ ಹತ್ರ ಹೋಗಿ ದಿವ್ಸ ಕಳೆಯೋದು ಜೀವ ಹೋಗುವ ಕೆಲಸ, ಇದನ್ನು ಎಷ್ಟು ಸಲ ಹೇಳಿದ್ರೂ ಕಮ್ಮಿಯೇ.

ಆಮೇಲೆ ಸೀದಾ ಸರ್ಕಾರಿ ಆಸ್ಪತ್ರೆ. ಗಾಯವನ್ನು ಅಲ್ಲಿ ಮೂರು ತರ ನೋಡ್ತಾರೆ. ಗಾಯವಿಲ್ಲದ ಚರ್ಮ ಮುಟ್ಟಿದ್ದು, ನೆಕ್ಕಿದ್ದು ಆದ್ರೆ ಏನೂ ಬೇಡ. ರಕ್ತ ಬಾರದ ತರಚು ಗಾಯಕ್ಕೆ ಲಸಿಕೆ ಬೇಕು. ರಕ್ತ ಬಂದ ಕಡಿತ, ಗಾಯದ ಮೇಲೆ ಜೊಲ್ಲು ಬಿದ್ದದ್ದು ಆದ್ರೆ ಲಸಿಕೆಯ ಜತೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು, ಲಸಿಕೆ ಕೆಲಸ ಸುರು ಮಾಡುವ ತನಕ ವಿಷಾಣುವನ್ನು ಗಾಯದಲ್ಲೇ ತಡೆಯುವ ಸೀರಂ ಅದು, ಗಾಯದ ಸುತ್ತವೇ ಚುಚ್ಚುತ್ತಾರೆ. ಇದು ಎಲ್ಲ ಸಣ್ಣ ಆಸ್ಪತ್ರೆಯಲ್ಲಿ ಇರೋದಿಲ್ಲ, ದೊಡ್ಡ ಗಾಯ ಆದ್ರೆ ದೊಡ್ಡ ಆಸ್ಪತ್ರೆಗೇ ಹೋಗಿ, ಹೊರಡುವಾಗಲೇ ಫೋನ್ ಮಾಡಿ ಸೀರಂ ಉಂಟಾ ಕೇಳಿ. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 104 ಅಥವಾ 1056ಕ್ಕೆ ಮಾಡಿದ್ರೂ ದಾರಿ ಹೇಳ್ತಾರೆ. ಚರ್ಮಕ್ಕೆ ಹಾಕುವ ಲಸಿಕೆಯ ದಿವ್ಸಗಳು 0, 3, 7, 28. ಮೂರನೇದಾದ ಮೇಲೆ ನೋವೂ ಇಲ್ಲ ಗಾಯವೂ ಒಣಗಿತು ಅಂತ ಕೊನೆಯದ್ದಕ್ಕೆ ಹೋಗದವ್ರು ತುಂಬಾ ಇದ್ದಾರೆ, ಹಾಗೆ ಮಾಡಬೇಡಿ. ಮೊದಲೇ ಒಮ್ಮೆ ಪೂರ್ತಿ ಕೋರ್ಸ್ ಆದವ್ರಿಗೆ ಎರಡೇ ಸೂಜಿ, 0 ಮತ್ತು 3, ಆ ಹಳೆ ಚೀಟಿ ತೆಗೆದಿಡಿ. ಬೆಕ್ಕು ಪರಚಿದ್ದಕ್ಕೂ ಇದೇ ಲೆಕ್ಕ. ಮಕ್ಕಳು ಬೈಗುಳಕ್ಕೆ ಹೆದರಿ ಕಚ್ಚಿದ್ದನ್ನು ಹೇಳೋದಿಲ್ಲ, ಕಚ್ಚಿದ್ರೆ ಬಯ್ಯೋದಿಲ್ಲ ಅಂತ ಮೊದಲೇ ಹೇಳಿಟ್ಟಿರಿ.

ಕಚ್ಚಿದ ನಾಯಿಯನ್ನು ಕೊಲ್ಲಬೇಡಿ, ಓಡಿಸಲೂ ಬೇಡಿ. ಸಾಕುನಾಯಿ ಆದ್ರೆ ಕಟ್ಟಿ ಹಾಕಿ 10 ದಿವ್ಸ ಗಮನಿಸಬೇಕು, ಪಶು ಡಾಕ್ಟ್ರಿಗೆ ತಿಳಿಸಿ. ಅಷ್ಟು ದಿವ್ಸ ಆರೋಗ್ಯದಲ್ಲಿ ಬದುಕಿದ್ರೆ ಕಚ್ಚುವ ಹೊತ್ತಿಗೆ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಅಂತ ಅರ್ಥ. ಆದ್ರೆ ಈ 10 ದಿವ್ಸ ಕಾದು ನೋಡಿ ಆಮೇಲೆ ಸೂಜಿ ಹಾಕಿಸೋಣ ಅನ್ನೋದು ತಪ್ಪು, ಸೂಜಿ ಆ ದಿವ್ಸವೇ ಸುರು ಆಗ್ಬೇಕು.

ನಾಯಿ ನಿಮ್ಮದಾಗಿದ್ರೆ ಆಸ್ಪತ್ರೆಗೆ ನೀವೇ ಗಾಡಿ ಮಾಡಿ ಕರ್ಕೊಂಡು ಹೋಗಿ, ಖರ್ಚು ಕೊಡಿ, ಲಸಿಕೆ ಪುಸ್ತಕದ ಫೋಟೋ ಕಚ್ಚಿಸ್ಕೊಂಡವ್ರಿಗೆ ಕಳಿಸಿ. ಮುಕ್ಕಾಲು ಪಾಲು ಜಗಳ ಪೊಲೀಸ್ ಸ್ಟೇಶನ್ ತನಕ ಹೋಗೋದು "ನಿಮ್ಮ ಮಗ ಕಲ್ಲು ಹೊಡೆದಿರ್ಬೇಕು" ಅಂತ ಮೊದಲ ಮಾತೇ ಹಾಗೆ ಬಂದಾಗ.

7. ಪಕ್ಕದ ಮನೆಯ ನಾಯಿಯಿಂದ ತೊಂದರೆ ಆದ್ರೆ

ಮೊದಲು ಬಾಯಿಮಾತು. ಕೇಳದಿದ್ರೆ ಪಂಚಾಯತ್ ಸೆಕ್ರೆಟರಿಗೆ ಲಿಖಿತ ದೂರು, ಯಾವ ದಿವ್ಸ, ಎಷ್ಟು ಗಂಟೆಗೆ, ಎಲ್ಲಿ, ಏನಾಯ್ತು ಅಂತ ಬರೆದು. "ಯಾವಾಗ್ಲೂ ಉಪದ್ರ" ಅಂತ ಬರೆದ ದೂರಿನಿಂದ ಯಾರಿಗೂ ಏನೂ ಮಾಡ್ಲಿಕ್ಕೆ ಆಗೋದಿಲ್ಲ. ಕೋಳಿ, ಆಡು ಹಿಡಿದಿದ್ರೆ ಫೋಟೋ ತೆಗೀರಿ, ಆಡಿನ ವಿಷಯ ಆದ್ರೆ ಪಶು ಡಾಕ್ಟ್ರಿಂದ ಬರೆಸ್ಕೊಳ್ಳಿ. ಲೈಸೆನ್ಸ್ ಉಂಟಾ, ಸೂಜಿ ಆಗಿದೆಯಾ ಅಂತ ಪಂಚಾಯತ್ ವಿಚಾರಿಸಬೇಕು ಅಂತ ದೂರಿನಲ್ಲೇ ಕೇಳಿ.

ಅದೂ ಆಗದಿದ್ರೆ, ನಾಯಿ ನಿಜಕ್ಕೂ ಅಪಾಯದ್ದಾದ್ರೆ, ಆರ್‌ಡಿಒ, ಅಂದ್ರೆ ರೆವಿನ್ಯೂ ಡಿವಿಜನಲ್ ಆಫೀಸರ ಆಫೀಸಿಗೆ ಹೋಗಬಹುದು. ನಮ್ಮ ಜಿಲ್ಲೆಯಲ್ಲಿ ಕಾಸರಗೋಡು, ಕಾಞಂಗಾಡ್ ಎರಡು ಕಡೆ ಉಂಟು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್, ಹಿಂದೆ ಸಿಆರ್‌ಪಿಸಿ 133 ಇದ್ದದ್ದು, ಅದರಲ್ಲಿ ಅಪಾಯಕಾರಿ ಪ್ರಾಣಿಯನ್ನು ಕಟ್ಟಿ ಇಡ್ಲಿಕ್ಕೆ ಅಥವಾ ವಿಲೇವಾರಿ ಮಾಡ್ಲಿಕ್ಕೆ ಆದೇಶ ಕೊಡುವ ಅಧಿಕಾರ ಅವ್ರಿಗೆ ಉಂಟು. ಬರೀ ಬೊಗಳೋದಕ್ಕೆ ಇಲ್ಲಿಗೆ ಹೋಗಬೇಡಿ.

ಫ್ಲ್ಯಾಟಿನವ್ರಿಗೆ ಒಂದು ಮಾತು, ನಾಯಿ ಸಾಕಲೇಬಾರದು ಅಂತ ಅಸೋಸಿಯೇಶನ್ ನಿಯಮ ಮಾಡ್ಲಿಕ್ಕೆ ಆಗೋದಿಲ್ಲ, ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಇದನ್ನು ಹೇಳಿದೆ. ಲಿಫ್ಟಿಗೆ ತರಬಾರದು ಅಂತಲೂ ಹೇಳೋ ಹಾಗಿಲ್ಲ. ಹಗ್ಗ ಹಾಕಿ, ಕಕ್ಕ ನೀವೇ ತೆಗೀರಿ.

ಏನೇ ಆಗ್ಲಿ, ಕೋಪದಲ್ಲಿ ಮೀನಿನ ತಲೆಗೆ ವಿಷ ಹಾಕಿ ಇಡೋದು, ಹಂದಿಗೆ ಅಂತ ಉರುಳು ಇಟ್ಟು ನಾಯಿ ಸಿಕ್ಕಿದ್ರೂ ಸಿಗ್ಲಿ ಅನ್ನೋದು, ಇದಕ್ಕೆಲ್ಲ ಹೋಗಬೇಡಿ. ಪ್ರಾಣಿಯನ್ನು ಕೊಂದ್ರೆ, ವಿಷ ಹಾಕಿದ್ರೆ, ಅಂಗ ಊನ ಮಾಡಿದ್ರೆ ನ್ಯಾಯ ಸಂಹಿತೆಯ 325ನೇ ಸೆಕ್ಷನಿನಲ್ಲಿ ಐದು ವರ್ಷದ ತನಕ ಶಿಕ್ಷೆ ಉಂಟು.

8. ಬೀದಿನಾಯಿಗಳ ವಿಷಯ

ಇದು ಪಂಚಾಯತ್ ಮತ್ತು ನಗರಸಭೆಯ ಕೆಲಸ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮ, ಎಲ್ಲರೂ ಎಬಿಸಿ ಅನ್ನೋದು, ಅದರ ಪ್ರಕಾರ ಹಿಡಿದು, ಸಂತಾನ ಆಗದ ಹಾಗೆ ಆಪರೇಶನ್ ಮಾಡಿ, ರೇಬಿಸ್ ಸೂಜಿ ಹಾಕಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಹಿಡಿದ ಜಾಗಕ್ಕೇ ಬಿಡಬೇಕು. ಆರು ತಿಂಗಳಿಗಿಂತ ಸಣ್ಣ ಮರಿಗೆ ಆಪರೇಶನ್ ಇಲ್ಲ. ಗೋಣಿಯಲ್ಲಿ ಹಾಕಿ ಇನ್ನೊಂದು ಪಂಚಾಯತಿಗೆ ಬಿಟ್ಟು ಬರೋದು ಕಾನೂನಿಗೆ ವಿರುದ್ಧ, ಆ ಪಂಚಾಯತಿನವ್ರೂ ಅದನ್ನೇ ಮಾಡ್ತಾರೆ ಅನ್ನೋದು ಬೇರೆ.

2025ರಲ್ಲಿ ಸುಪ್ರೀಂ ಕೋರ್ಟ್ ಎರಡು ಆದೇಶದಲ್ಲಿ ಇದಕ್ಕೆ ಕೆಲವು ವಿಷಯ ಸೇರಿಸಿತು. ಆಗಸ್ಟ್ 22ರ ಆದೇಶದಲ್ಲಿ ಸಿಕ್ಕಸಿಕ್ಕ ರೋಡಿನಲ್ಲಿ ಊಟ ಹಾಕಬಾರದು, ಸ್ಥಳೀಯ ಸಂಸ್ಥೆ ಗುರುತು ಮಾಡಿದ ಜಾಗದಲ್ಲೇ ಹಾಕಬೇಕು ಅಂತ, ರೇಬಿಸ್ ಇರುವ, ತೀರಾ ಮೈಮೇಲೆ ಬರುವ ನಾಯಿಗಳನ್ನು ಪುನಃ ಬಿಡಬಾರದು ಅಂತ. ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್‌ಸ್ಟ್ಯಾಂಡ್, ರೈಲ್ವೇ ಸ್ಟೇಶನ್ ಇಂಥ ಕಡೆಯಿಂದ ಹಿಡಿದವನ್ನು ಅಲ್ಲಿಗೇ ಬಿಡಬಾರದು ಅಂತ. ಹಾಗಾಗಿ ಶಾಲೆಯ ಅಂಗಳದ ನಾಯಿಯ ಬಗ್ಗೆ ದೂರು ಕೊಡುವಾಗ ಜಾಗ ಯಾವುದು ಅಂತ ಸ್ಪಷ್ಟ ಬರೆಯಿರಿ. ಕೋಳಿ ಅಂಗಡಿಯ ಕಸ ಸೇತುವೆ ಬದಿಗೆ ಚೆಲ್ಲುವ ಊರಿನಲ್ಲಿ ಎಷ್ಟು ಆಪರೇಶನ್ ಮಾಡಿಸಿದ್ರೂ ಗುಂಪು ಕಮ್ಮಿ ಆಗೋದಿಲ್ಲ, ಆ ದೂರೂ ಜತೆಗೇ ಕೊಡಿ.

9. ಮರಿ ಹಾಕಿದ್ರೆ, ಬೇರೆಯವ್ರಿಗೆ ಕೊಟ್ರೆ, ಸತ್ರೆ

ಹೆಣ್ಣು ನಾಯಿ ಸಾಕುವವ್ರು ಆಪರೇಶನ್ ಮಾಡಿಸಿಬಿಡಿ, ಸಾಕುನಾಯಿಯದ್ದು ಸಾಕುವವ್ರ ಜವಾಬ್ದಾರಿ ಅಂತ 2023ರ ನಿಯಮದಲ್ಲೇ ಉಂಟು. ಮರಿಗಳನ್ನು ಡಬ್ಬದಲ್ಲಿ ಹಾಕಿ ದೇವಸ್ಥಾನದ ಗೇಟು, ಮೀನು ಮಾರ್ಕೆಟು, ಗಡಿಯ ಹತ್ರ ಬಿಟ್ಟು ಬರೋದು ಅದೇ 1960ರ ಕಾಯ್ದೆಯಲ್ಲಿ ಅಪರಾಧ. ಮಾರಾಟಕ್ಕೆ ಅಂತಲೇ ಮರಿ ಮಾಡಿಸುವವ್ರು 2017ರ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸ್ಬೇಕು, ಎಂಟು ವಾರ ಆಗದ ಮರಿಯನ್ನು ಮಾರಬಾರದು. ತೆಗೊಳ್ಳುವವ್ರೂ ಇದನ್ನು ನೆನಪಿಡಿ, ಕಣ್ಣು ಬಿಟ್ಟದ್ದೇ ತಡ ಕೊಡ್ತೇನೆ ಅನ್ನುವವನ ಹತ್ರ ಹೋಗಬೇಡಿ.

ನಾಯಿಯನ್ನು ಬೇರೆಯವ್ರಿಗೆ ಕೊಟ್ರೆ ಲಸಿಕೆ ಪುಸ್ತಕ ಅದರ ಜತೆಗೇ ಹೋಗ್ಬೇಕು, ಅವ್ರು ಅವ್ರ ಪಂಚಾಯತಿನಲ್ಲಿ ಹೊಸತಾಗಿ ಲೈಸೆನ್ಸ್ ಮಾಡಿಸ್ಬೇಕು, ನೀವು ನಿಮ್ಮ ಪಂಚಾಯತಿಗೆ ಕೊಟ್ಟ ತಾರೀಕು, ತೆಗೊಂಡವ್ರ ಹೆಸರು ಬರೆದು ಒಂದು ಕಾಗದ ಕೊಟ್ಟು ರಶೀದಿ ತೆಗೊಳ್ಳಿ. ಇಲ್ಲದಿದ್ರೆ ಅದು ಅಲ್ಲಿ ಯಾರನ್ನಾದ್ರೂ ಕಚ್ಚಿದಾಗ ದಾಖಲೆಯಲ್ಲಿ ಇನ್ನೂ ನಿಮ್ಮ ಹೆಸರೇ ಇರ್ತದೆ. ಸತ್ರೂ ಒಂದು ಸಾಲು ತಿಳಿಸಿ. ಬಾವಿಯಿಂದ, ತೋಡಿನಿಂದ ದೂರ ಆಳದ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ. ಹುಚ್ಚು ಹಿಡಿದ ಸಂಶಯ ಇದ್ರೆ ಬರಿಗೈಯಲ್ಲಿ ಮುಟ್ಟಬೇಡಿ, ಹೂಳುವ ಮೊದಲು ಪಶು ಡಾಕ್ಟ್ರಿಗೆ ಫೋನ್ ಮಾಡಿ, ಪರೀಕ್ಷೆಗೆ ಕಳಿಸಬೇಕಾ ಅಂತ ಅವ್ರೇ ಹೇಳ್ತಾರೆ, ಅದರ ಜೊಲ್ಲು ತಾಗಿದವ್ರೆಲ್ಲ ಅದೇ ದಿವ್ಸ ಆಸ್ಪತ್ರೆಗೆ ಹೋಗಿ.